ಸೊನ್ನೆ ಉದುರಿದ ಸಂಚಿಕೆ

ಬರೆಯಲೆಂದು ಸೇರಿದವಳಲ್ಲ ನಾನು.
ಕೋಡಿಬಾಗದ ಹೈಸ್ಕೂಲು, ಒಂಬತ್ತನೆಯ ಇಯತ್ತೆ,
ಗಾಂವಕರ ಮಾಸ್ತರರು ನನ್ನ ಭೂಗೋಳದ ಪಟ್ಟಿ ಎತ್ತಿ ಹಿಡಿದು
"ಅಕ್ಷರ ನೆಟ್ಟಗಿದೆ, ಸಂಜೆ ಪತ್ರಿಕೆ ಕೋಣೆಗೆ ಬಾ" ಅಂದರು.
ನೆಟ್ಟಗಿದ್ದದ್ದು ಅಕ್ಷರ ಮಾತ್ರ;
ನನ್ನ ಕನ್ನಡ ಇನ್ನೂ
ಕೊಂಕಣಿಯ ಹೆಗಲು ಹಿಡಿದು ನಡೆಯುತ್ತಿತ್ತು.

ಪತ್ರಿಕೆ ಕೋಣೆಯೆಂದರೆ ಆಟದ ಸಾಮಾನಿನ ಕೋಣೆ.
ಗಾಳಿ ಹೋದ ವಾಲಿಬಾಲು, ಕವಾಯತಿನ ಡಂಬೆಲ್ಸು,
ನಡುವೆ ಗೋಣಿತಾಟು ಹೊದ್ದ ಸೈಕ್ಲೋಸ್ಟೈಲ್ ಯಂತ್ರ.
ಸಂಪಾದಕ ಹತ್ತನೆಯ ಇಯತ್ತೆಯ ಉಲ್ಲಾಸ ಕೊಠಾರಕರ,
ಕಿವಿಯ ಸಂದಿಗೆ ಸದಾ ಒಂದು ಪೆನ್ಸಿಲು,
ಅದರಿಂದ ಅವನು ಏನನ್ನಾದರೂ ಬರೆದದ್ದು ಕಾಣೆ.
ಕೆಲಸ ಕಲಿಸಿದವಳು ಫ್ಲಾವಿಯಾ:
"ಮೇಣದ ಹಾಳೆ ಇದು, ಸೂಜಿಪೆನ್ನು ಮೆಲ್ಲಗೆ ಒತ್ತು.
ದುಂಡಗೆ ಬರೆದು ಪೂರ್ತಿ ಮುಚ್ಚಿಬಿಟ್ಟರೆ
ಒಳಗಿನ ಬಿಲ್ಲೆ ಕಳಚಿ ಬೀಳುತ್ತದೆ,
ಅಲ್ಲಿ ಶಾಯಿ ಹೊಂಡ ಕಟ್ಟುತ್ತದೆ."
ಕನ್ನಡದಲ್ಲಿ ದುಂಡಗಿಲ್ಲದ ಅಕ್ಷರ ಎಲ್ಲಿದೆ ಮಾರಾಯ್ತಿ?
ಮೊದಲು ತೂತಾದದ್ದೇ ಸಂಪಾದಕನ ಹೆಸರಿನ ಠ.
ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನಕಲು ಮಾಡಿದೆ: ಮುಖ್ಯಾಧ್ಯಾಪಕರ ಸಂದೇಶ,
ಶಿಸ್ತಿನ ಮಹತ್ವ, ಹಲ್ಲಿನ ಆರೋಗ್ಯ,
ಹಿಮಾಲಯ ನೋಡದವರು ಹಿಮಾಲಯಕ್ಕೆ ಬರೆದ ಕವಿತೆ.
ಪತ್ರಿಕೆಯ ಹೆಸರೇನೋ 'ಅಳಿವೆ'.
ಕಿಟಕಿಯಾಚೆ ಕಾಳಿ ನದಿ ಸಮುದ್ರಕ್ಕೆ ಇಳಿಯುತ್ತಿತ್ತು.
ನಾಲ್ಕು ಪುಟದಲ್ಲಿ ಒಂದು ಹನಿ ಉಪ್ಪುನೀರಿಲ್ಲ.

ಮೂರನೆಯ ಸಂಚಿಕೆ. ಕೊನೆಯ ಪುಟದ ಬುಡದಲ್ಲಿ
ಎರಡು ಬೆರಳಗಲ ಜಾಗ ಉಳಿಯಿತು.
"ಹೂವೊಂದು ಬಿಡಿಸು" ಅಂದು ಉಲ್ಲಾಸ ಚಹಕ್ಕೆ ಹೋದ.
ನನಗೆ ಹೂವು ಬರುತ್ತಿರಲಿಲ್ಲ.
ಬೆಳಿಗ್ಗೆ ದಂಡೆಯ ಮೇಲೆ ಬಾಬಾ ಬಲೆ ಕೊಡವಿದ್ದು,
ಕೊಡವಿದ್ದನ್ನೇ ಮತ್ತೆ ಕೊಡವಿದ್ದು ಕಣ್ಣಲ್ಲಿತ್ತು.
ಯಾರನ್ನೂ ಕೇಳದೆ ಕೊರೆದೆ:
'ಬುಧವಾರ ರಾಂಪಣಿಗೆ ಬಂದ ಬಂಗಡೆ ೪ ಹೆಡಿಗೆ.
ಹೋದ ವರ್ಷ ಇದೇ ವಾರ ೪೦.'

ಹಿಡಿಕೆ ತಿರುಗಿಸಿದೆವು, ನೂರಾ ಇಪ್ಪತ್ತು ಪ್ರತಿ,
ಮೊಣಕೈವರೆಗೂ ಕಪ್ಪು.
ಯಾರೂ ಏನೂ ಅನ್ನಲಿಲ್ಲ.
ಮುಖ್ಯಾಧ್ಯಾಪಕರು ಅಂಚಿನ ಬಳ್ಳಿ ಚೆನ್ನಾಗಿದೆ ಅಂದರು.

ಆಯಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ;
ಬಸ್ಸಿನ ಬೋರ್ಡು, ರೇಶನ್ ಕಾರ್ಡು, ಸಾಲದ ಚೀಟಿ
ಇವೇ ಅವಳ ಶಾಲೆ.
ಚಿಮಣಿಯ ಬೆಳಕಿಗೆ ನಾಲ್ಕೂ ಪುಟ ತಿರುವಿದಳು,
ಉಗುರಂಚಿಗೆ ಅಂಟಿದ ಹುರುಪೆ ಮಿನುಗುವ ಬೆರಳು
ಬುಡದ ಸಾಲಿಗೆ ಬಂದು ನಿಂತಿತು.
ನಾನು ಓದಿ ಹೇಳಿದೆ. ನಲವತ್ತು, ಅಂದೆ.
"ಎಲ್ಲಿ ನಲವತ್ತು? ಇಲ್ಲಿ ನಾಲ್ಕು.
ಪಕ್ಕದಲ್ಲಿ ಕೂತದ್ದು ನೊಣ."
ಬಗ್ಗಿ ನೋಡಿದೆ. ಸೊನ್ನೆ ಉದುರಿತ್ತು.
"ಚೂಕ್!" ಅಂದಳು, "ಆ ನಲವತ್ತರಲ್ಲಿ ಹನ್ನೊಂದು
ಕಾಜುಬಾಗದವರೆಗೆ ಈ ತಲೆಯ ಮೇಲೇ ಹೋಗಿದೆ.
ಸರಿ ಮಾಡು."

"ತಿದ್ದುಪಡಿಯಾ?" ಉಲ್ಲಾಸ ನಕ್ಕ,
"ಸುದ್ದಿಯನ್ನೇ ಯಾರೂ ಓದಿಲ್ಲವಲ್ಲೇ."
"ಒಬ್ಬರು ಓದಿದ್ದಾರೆ," ಅಂದೆ. ಯಾರೆಂದು ಹೇಳಲಿಲ್ಲ.
ಅವನು ಸ್ವಲ್ಪ ಹೊತ್ತು ವಾಲಿಬಾಲನ್ನೇ ನೋಡಿದ.
ಆಮೇಲೆ ಕಿವಿಯಿಂದ ಪೆನ್ಸಿಲು ತೆಗೆದು,
ತುದಿ ನಾಲಿಗೆಗೆ ತಾಗಿಸಿ, ಪಟ್ಟಿಯಲ್ಲಿ ಗೀಚಿದ:
ಪುಟ ನಾಲ್ಕು, ಎರಡು ಸಾಲು, ತಿದ್ದುಪಡಿ.
"ಈ ವಾರ ಎಷ್ಟು ಬಂತು?
ಅದನ್ನೂ ಹಾಕು."

ಈಗಲೂ ನನ್ನ ಸೊನ್ನೆ ಪೂರ್ತಿ ಮುಚ್ಚುವುದಿಲ್ಲ,
ತಲೆಯ ಮೇಲೆ ಕೂದಲೆಳೆಯಷ್ಟು ಬಾಯಿ ಬಿಟ್ಟಿರುತ್ತದೆ.
ಚೆಕ್ಕು ಕೊಟ್ಟಾಗ ಬ್ಯಾಂಕಿನ ಹುಡುಗ ಕನ್ನಡಕ ಏರಿಸಿ
"ಬಾಯಿ, ಇದು ಸೊನ್ನೆಯೋ, ಆರೋ?" ಅಂತ ಕೇಳುತ್ತಾನೆ.