ನಿಂತಾಗ

ಓಡುವಾಗ ಏನೂ ಇಲ್ಲ.
ಬೆಳಗಲ್ ಕ್ರಾಸ್ ದಾಟಿ ಮೂರನೇ ಗೇರಿಗೆ ಬಿದ್ದರೆ
ಇಪ್ಪತ್ತು ದಾಟಿದ ಝೆನ್ನು ಎಳೆ ಹೋರಿ.
ನಿಂತಾಗಲೇ ಅದರ ಕಥೆ.

ಸುಧಾ ಕ್ರಾಸಿನ ಗೇಟು ಬಿದ್ದಿರುತ್ತದೆ,
ಅದಿರಿನ ಗೂಡ್ಸು, ಡಬ್ಬಿ ಹಿಂದೆ ಡಬ್ಬಿ,
ಎಣಿಸುತ್ತ ಕೂತರೆ ಐವತ್ತೆಂಟು.
ಅಷ್ಟರೊಳಗೆ ಎಂಜಿನ್ನು
ಏರಿ, ಇಳಿದು, ಮತ್ತೆ ಏರಿ,
ಯಾರೋ ಮೆಟ್ಟಿಲು ಹತ್ತಿ ಮರೆತದ್ದಕ್ಕೆ ಇಳಿದು ಬಂದಂತೆ,
ಒಮ್ಮೆ ಕೆಮ್ಮಿ
ಬಂದ್.

ನಾನು ಎಡ ಸೀಟಿನ ಮಾಸ್ತರ.
ನನ್ನ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು,
ಬಾಯಲ್ಲಿ ಒಂದೇ ಮಾತು:
'ಕ್ಲಚ್ ಬೇಗ ಬಿಟ್ಟಿ ನೋಡವ್ವ, ಅದಕ್ಕೇ ಬಂದ್ ಆತು.'
ಗಾಡಿ ನ್ಯೂಟ್ರಲ್‌ನಲ್ಲಿದ್ದಾಗಲೂ
ಅದನ್ನೇ ಅಂದಿದ್ದೇನೆ.

ಕೌಲ್ ಬಜಾರಿನ ದಸ್ತಗೀರ ಮೊದಲು ಪ್ಲಗ್ಗು ಬದಲಿಸಿದ.
ಆಮೇಲೆ ಫಿಲ್ಟರ್ ಝಾಡಿಸಿದ: ನೆಲದ ಮೇಲೆ ಕೆಂಪಗೆ
ಸಂಡೂರಿನ ಯಾವುದೋ ಗುಡ್ಡದ ಒಂದು ಚಮಚ.
ಥ್ರಾಟಲ್ ಬಿಚ್ಚಿ ಒರೆಸಿದರೆ
ಊರಿನ ಕೂಸುಗಳಿಗೆಲ್ಲ ಸಾಲುವಷ್ಟು ಕಾಡಿಗೆ.
ಐಡಲ್ ವಾಲ್ವು ಹುಬ್ಬಳ್ಳಿ ಗುಜರಿಯದು,
ಎರಡೂವರೆ ಸಾವಿರ, ಗ್ಯಾರಂಟಿ ಕೇಳಬೇಡಿ ಅಂದ.
ಎರಡು ದಿನ ಸರಿಯಿತ್ತು.
ಮೂರನೇ ದಿನ ಗೇಟು ಬಿತ್ತು.

ಕೊನೆಗೆ ಸ್ಕ್ರೂ ಒಂದು ಸುತ್ತು ತಿರುವಿ
ರೇಸ್ ಏರಿಸಿಕೊಟ್ಟ. ಗಾಡಿ ಸಾಯಲಿಲ್ಲ,
ನಿಂತಲ್ಲೇ ಕುದಿಯಿತು, ಪೆಟ್ರೋಲು ಕುಡಿಯಿತು,
ವಾರಕ್ಕೆ ಹಳೇ ಚಾಳಿಗೇ ಬಿತ್ತು.
'ಇದು ರಿಪೇರಿ ಅಲ್ಲ ಮಾಸ್ತರ,
ಅಳೋ ಹುಡುಗನ ಕೈಗೆ ಬೆಲ್ಲ ಕೊಡೋದು'
ಅವನೇ ಅಂದ, ಕೈ ಒರೆಸಿಕೊಳ್ಳುತ್ತ.

ಸುಂಕಮ್ಮ ಸೇರಿದ್ದು ಆ ತಿಂಗಳು.
ಜೀನ್ಸ್ ಹೊಲಿಯುವಾಕೆ; ಹದಿನಾಲ್ಕು ವರ್ಷ,
ದಿನಕ್ಕೆ ಮುನ್ನೂರು ಕಾಲುಗಳ ಒಳಹೊಲಿಗೆ,
ಉಗುರ ಸಂದಿಗೆ ಆರದ ನೀಲಿ.
ಘಟಕದ ಟೆಂಪೋ ತಾನೇ ಓಡಿಸಬೇಕಂತೆ,
ಡ್ರೈವರಿನ ದಾರಿ ಕಾದು ಸಾಕಾಗಿದೆಯಂತೆ.

ಗೇಟು. ಗೂಡ್ಸು. ನನ್ನ ಬಾಯಿ ತೆರೆಯಿತು.
ಅಷ್ಟರಲ್ಲಿ ಆಕೆ ಎರಡೂ ಪಾದ ಎತ್ತಿ
ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.
'ನೋಡ್ರಿ ಮಾಸ್ತರ, ಕಾಲು ಇಲ್ಲಿ ಅದಾವ.'
ಎಂಜಿನ್ನು ಏರಿತು, ಇಳಿಯಿತು, ಬಂದ್.
'ಈಗ ಯಾರ ತಪ್ಪು?'

ಗೇಟಿನಾಚೆ ಬೇವಿನ ನೆರಳಿಗೆ ತಂದು ನಿಲ್ಲಿಸಿ,
ಚಾಲೂ ಇಟ್ಟು ಬಾನೆಟ್ ಎತ್ತಿಸಿದಳು.
'ನಮ್ಮ ಮಷೀನಿಗೂ ಗಾಳಿ ಪೈಪು ಇರ್ತಾವ.
ಸೀಳಿದ್ರ ಹಿಂಗ ಸುಂಯ್ ಅಂತಾವ.'
ನನಗೆ ಕೇಳಿಸಲಿಲ್ಲ. ಆಕೆ ಕಣ್ಣು ಮುಚ್ಚಿ ಬಾಗಿ
ಎಂಜಿನ್ನಿನ ಹಿಂದಕ್ಕೆ ಕೈ ಇಳಿಸಿ,
ದಾರದ ತುದಿ ಹುಡುಕಿದಂತೆ ಹುಡುಕಿ,
ಎರಡು ಬೆರಳಲ್ಲಿ ಹಿಚುಕಿದಳು.

ಒಂದೇ ಸಮ.

ಬಿಟ್ಟಳು: ಏರಿಳಿತ.
ಹಿಚುಕಿದಳು: ಸಮ.

ಗೇಣುದ್ದದ ರಬ್ಬರು. ಮೇಲಿಂದ ನೋಡಿದರೆ ಹೊಸದು,
ಕೆಳಮೈ ಸೀಳು. ಬಾಗಿಲಿಂದ ಬರಬೇಕಾದ ಗಾಳಿ
ಹಿತ್ತಲ ಸಂದಿಯಿಂದ ನುಗ್ಗುತ್ತಿತ್ತು.
ವಾಲ್ವು ಪಾಪ, ಮುಚ್ಚಿತು, ತೆರೆಯಿತು, ಮುಚ್ಚಿತು.
ಓಡುವಾಗ ಬಾಗಿಲೇ ಹಾರು ಹೊಡೆದಿರುತ್ತದೆ,
ಸಂದಿಯ ಗಾಳಿ ಯಾರಿಗೆ ತಿಳಿದೀತು?

ಪೈಪಿಗೆ ನಲವತ್ತೈದು ರೂಪಾಯಿ.
ದಸ್ತಗೀರ ಸ್ಕ್ರೂ ಹಿಂದಕ್ಕೆ ತಿರುವಿ, ಕೂಲಿ ಬೇಡವೆಂದು,
ಸುಂಕಮ್ಮನಿಗೆ ಚಹಾ ತರಿಸಿ
ಮೆಲ್ಲಗೆ ಕೇಳಿದ: 'ಅಕ್ಕಾ, ಇನ್ನೊಂದು ಗಾಡಿ ಐತಿ,
ಒಂದೀಟು ಕಿವಿ ಕೊಡ್ತೀಯೇನು?'

ರಾತ್ರಿ ರಿಜಿಸ್ಟರ್ ತೆಗೆದೆ.
ಆ ಮೂರು ತಿಂಗಳಲ್ಲಿ ಹದಿನೇಳು ಹೆಸರು,
ನಾಲ್ವರು ಅರ್ಧಕ್ಕೇ ಬಿಟ್ಟವರು.
ಅಂಚೆ ಕಚೇರಿಯ ನಾಗವೇಣಿ
'ನನ್ನ ಕಾಲೇ ಸರಿಯಿಲ್ಲ ಬಿಡ್ರಿ ಸರ್' ಎಂದು
ಕಟ್ಟಿದ ದುಡ್ಡನ್ನೂ ಕೇಳದೆ ಹೋದಳು.
ಆಗ ನಾನು ಹೂಂ ಅಂದಿದ್ದೆ.

ಈಗ ಗೇಟಿನಲ್ಲಿ ನಿಂತು
ಅವಳ ನಂಬರು ಒತ್ತಿದ್ದೇನೆ.
ರಿಂಗಾಗುತ್ತಿದೆ. ಎತ್ತಿದರೆ ಏನನ್ನಬೇಕೋ
ಇನ್ನೂ ತೋಚಿಲ್ಲ. ಮೂವತ್ತು, ಮೂವತ್ತೊಂದು,
ಡಬ್ಬಿಗಳು ಹೋಗುತ್ತಲೇ ಇವೆ.
ಸ್ಟೇರಿಂಗ್ ಹಿಡಿದ ಸುಂಕಮ್ಮ
ಒಮ್ಮೆಲೇ ಗಾಬರಿಯಾಗಿ ನನ್ನ ಕಡೆ ತಿರುಗಿ:
'ಬಂದ್ ಆತೇನ್ರಿ?'

ಇಲ್ಲವ್ವ. ನಡದೈತಿ.