ಐವತ್ತು ಮೈಲಿ ಆದಮೇಲೆ ಬಾ

ಪೆಟ್ಟಿಗೆ ಇಲ್ಲಿಡು, ಡಾರ್ಬಿ. ಬಾಗಿಲು ಹಾಕು,
ಮೊಂಟಾನಾದ ಈ ಗಾಳಿ ನನ್ನ ರಸೀದಿಗಳನ್ನೆಲ್ಲ
ಡಕೋಟಾಕ್ಕೆ ಒಯ್ದುಬಿಡುತ್ತದೆ.
ನೋಡೋಣ, ಏನು ತಂದಿದ್ದೀಯ.
ನಾಲ್ಕು ಬಿಲ್ಲೆ, ಎರಡಂಗುಲ ದಪ್ಪ.
ಗಾಲಿ ಹೊರಕ್ಕೆ ಬರಬೇಕು, ಟ್ರಕ್ಕು
ಎದೆಯುಬ್ಬಿಸಿ ನಿಲ್ಲಬೇಕು ಶಾಲೆಯ ಮುಂದೆ.
ತಪ್ಪೇನಲ್ಲ. ನಿನ್ನ ವಯಸ್ಸಿನಲ್ಲಿ ನಾನೂ
ಹೆಗಲೊಳಗೆ ಹತ್ತಿ ತುಂಬಿದ ಕೋಟು ತೊಡುತ್ತಿದ್ದೆ.

ಆದರೆ ಇವನ್ನು ವಾಪಸು ಕಳಿಸು.
ಮಾಡಿದವನ ಹೆಸರಿಲ್ಲ, ಹೊರುವ ಭಾರದ ಲೆಕ್ಕವಿಲ್ಲ,
ನಡುವಿನ ತೂತು ಸಡಿಲ,
ಅಣ್ಣನ ಬೂಟು ತಮ್ಮ ಹಾಕಿದ ಹಾಗೆ.

ನನ್ನ ಅಣ್ಣ ನೆಲ್ಸ್ ಗೊತ್ತಲ್ಲ?
ಬೀಟ್ ಗೆಡ್ಡೆ ಸಾಗಿಸುವ ಕಾಲ, ಅಕ್ಟೋಬರ್,
ಒಂದರ ಮೇಲೊಂದು ಎರಡೆರಡು ಬಿಲ್ಲೆ ಪೇರಿಸಿದ್ದ.
ನೆಟ್ಟಗಿನ ರಸ್ತೆ. ಎಡಗಡೆಯಿಂದ ಒಂದು ಗಾಲಿ
ಅವನನ್ನು ಹಿಂದೆ ಹಾಕಿ ಮುಂದೆ ಓಡಿತು.
ಯಾರದಪ್ಪಾ ಇದು, ಅಂದುಕೊಂಡನಂತೆ.
ನಿಜ, ಹಾಗೇ ಅಂದುಕೊಂಡನಂತೆ.
ಆಮೇಲೆ ಟ್ರಕ್ಕಿನ ಮೂತಿ ಕುಸಿಯಿತು,
ಡಾಂಬರಿನ ಮೇಲೆ ಕಿಡಿ.

ಗಾಲಿ ಮಾತ್ರ ನಿಲ್ಲಲಿಲ್ಲ.
ಬೇಲಿ ಹಾರಿತು, ಕೊಯ್ದ ಗೋಧಿಹೊಲ ದಾಟಿತು,
ಎಲ್ಡಾ ಬ್ರೆಕೆನ್ ಬಟ್ಟೆ ಒಣಹಾಕುವ ಕಂಬವನ್ನು
ಬುಡಸಮೇತ ಕಿತ್ತುಕೊಂಡು ಹೋಯಿತು.
ಎಲ್ಡಾ ಆಗಷ್ಟೇ ಒಳಗೆ ಹೋಗಿದ್ದಳು,
ಕ್ಲಿಪ್ಪು ಸಾಲಲಿಲ್ಲವೆಂದು.

ಆ ಮನೆಯ ಮುಂದೆ ಹಾಯುವಾಗ ನೆಲ್ಸ್
ಇವತ್ತಿಗೂ ರೇಡಿಯೊ ಆರಿಸುತ್ತಾನೆ.

*

ಮೂರು ವಾರ ಬಿಟ್ಟು ಬಂದೆ. ಸರಿ,
ಇವು ಕೈಗೆ ಭಾರ ಹತ್ತುತ್ತವೆ. ತೆಳ್ಳಗಿವೆ, ಒಳ್ಳೆಯದೇ.
ಬ್ರಷ್ ತಗೋ, ಹಬ್ಬಿನ ಮುಖ ಉಜ್ಜು.
ಇನ್ನೂ ಉಜ್ಜು. ಮೂರು ಚಳಿಗಾಲದ ಉಪ್ಪು ಕೂತಿದೆ ಅಲ್ಲಿ.
ಲೋಹ ಲೋಹದ ನಡುವೆ
ಸಾಸಿವೆಯಷ್ಟು ತುಕ್ಕು ಉಳಿದರೂ
ಅದು ಪುಡಿಯಾದ ದಿನ ನಟ್ಟು ಸಡಿಲ.

ಈಗ ಬಿಲ್ಲೆ ಕೂರಿಸು. ಬೆರಳಾಡಿಸಿ ನೋಡು:
ಹಳೆಯ ಸ್ಟಡ್ಡಿನ ತುದಿ ಹೊರಗೆ ಇಣುಕುತ್ತಿದೆಯೇ?
ಅಕ್ಕಿಕಾಳಷ್ಟು ಇಣುಕಿದರೂ, ಒಳಗದಕ್ಕೆ ಜಾಗವಿಲ್ಲದಿದ್ದರೆ,
ಗಾಲಿ ಕೂತಂತೆ ಕಾಣುತ್ತದೆ,
ಕೂತಿರುವುದಿಲ್ಲ.

ಗಾಳಿಗನ್ನು ಮುಟ್ಟಬೇಡ. ಆ ಉದ್ದ ಸ್ಪಾನರ್ ಕೊಡು,
ಕಟ್ಟ್ ಅನ್ನುವುದು. ಅದಕ್ಕೆ ಆತುರ ಗೊತ್ತಿಲ್ಲ.
ಒಂದು ಬಿಗಿದರೆ ಅದರ ಎದುರಿನದು,
ಮತ್ತೆ ಪಕ್ಕದ್ದು, ಮತ್ತೆ ಅದರ ಎದುರಿನದು;
ಪುಸ್ತಕ ಹೇಳಿದಷ್ಟೇ, ನಿನ್ನ ತೋಳು ಹೇಳಿದಷ್ಟಲ್ಲ.

ಮುತ್ತಜ್ಜ ಇಲ್ಲಿಗೆ ಬಂದದ್ದು ಬಂಡಿಯಲ್ಲಿ.
ಆಗಲೂ ಇದೇ ಕತೆ:
ನಡೆಸುವುದು ಕಡಾಣಿ,
ಹೊಗಳಿಕೆಯೆಲ್ಲ ಚಕ್ರಕ್ಕೆ.

ಇನ್ನೊಂದು. ಭಾರ ಹೊರಗೆ ಸರಿದಷ್ಟೂ
ಒಳಗೆ ಬೇರಿಂಗು ಹಲ್ಲು ಕಚ್ಚಿ ತಡೆಯುತ್ತದೆ.
ಅದು ದೂರುವುದು ತಡವಾಗಿ, ಗುಂಯ್ ಎಂದು.
ರೇಡಿಯೊ ಆಗಾಗ ಆರಿಸಿ ಕೇಳು.
ಕುದುರೆ ಟ್ರೇಲರ್ ಎಳೆಯುವ ದಿನ ಇವನ್ನು ಬಿಚ್ಚಿಡು.
ಮುಖ ಸಿಂಡರಿಸಬೇಡ,
ಕುದುರೆಗಳು ಇದನ್ನೆಲ್ಲ ಕೇಳಿಕೊಂಡಿರಲಿಲ್ಲ.

ಐವತ್ತು ಮೈಲಿ ಆದಮೇಲೆ ಬಾ.
ಹೊರಗಿನ ನಟ್ಟು ಯಾರಿಗಾದರೂ ಕಾಣುತ್ತದೆ.
ಬಿಲ್ಲೆಯನ್ನು ಹಬ್ಬಿಗೆ ಹಿಡಿದಿರುವುದು
ಗಾಲಿಯ ಹಿಂದೆ ಅಡಗಿದೆ, ಬಿಚ್ಚದೆ ಕಾಣದು.
ಅದಕ್ಕೇ ಯಾರೂ ನೋಡುವುದಿಲ್ಲ.

*

ಮಂಗಳವಾರ ಬಂದ, ಗೊಣಗುತ್ತ,
ಗೆಳೆಯರು ಹೊರಗೆ ಹಾರ್ನ್ ಒತ್ತುತ್ತಿದ್ದರು.
ಗಾಲಿ ಬಿಚ್ಚಿದೆವು. ಒಂದು, ಬಿಗಿ. ಎರಡು, ಬಿಗಿ.
ಕಣ್ಣು ಹೊರಳಿಸಿದ.
ಸ್ಪಾನರ್ ಅವನ ಕೈಗೇ ಕೊಟ್ಟೆ.

ಐದನೆಯದು
ತಿರುಗಿತು. ಕಾಲು ಸುತ್ತು.
ಆಮೇಲೆ ಕಟ್ಟ್ ಅಂದಿತು.

ಅವನು ಹೊರಗೆ ಹೋಗಿ
ಗೆಳೆಯರಿಗೆ ಹಾರ್ನ್ ನಿಲ್ಲಿಸಲು ಹೇಳಿ
ಬಂದು, ಕೇಳದೆಯೇ,
ಉಳಿದ ಮೂರು ಗಾಲಿಯ ಪಕ್ಕ
ಮಂಡಿಯೂರಿದ.