ಬೀಜದ ಪೆಟ್ಟಿಗೆ

ಆ ಪೆಟ್ಟಿಗೆ ಮಾಡಿದ್ದು ನಾನೇ.
ವಾಲ್‌ನಟ್ ಹಲಗೆ, ಒಂದೂ ಮೊಳೆಯಿಲ್ಲದ ಕೂಡುಗೆ,
ಮುಚ್ಚಳದ ನಡುವೆ ಎರಡು ಬೆರಳುದ್ದ ಸೀಳು.
ಉಜ್ಜುವಾಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ:
ಮತ ಮುಗಿದ ಮೇಲೆ ಹ್ಯಾನಾ
ಇದರಲ್ಲಿ ಜೋಳದ ಬೀಜ ಇಡಬಹುದು, ಇಲಿ ಹೊಗದು.

ಕ್ಯಾನ್ಸಸ್ ಆಗಿನ್ನೂ ರಾಜ್ಯವಲ್ಲ, ಹುಲ್ಲು.
ವಿಲೋ ಫೋರ್ಡಿನಲ್ಲಿ ಹೊಗೆಯಾಡುವ ಮನೆ ಹದಿನೇಳು,
ಮತವಿದ್ದ ಗಂಡಸರು ಮೂವತ್ತೊಂದು.
ಪಟ್ಟಿ ಬರೆದವನೂ ನಾನೇ, ಲೆಮ್ಯುಯಲ್ ಪ್ರೂಯಿಟ್,
ಊರಲ್ಲಿ ಅಕ್ಷರ ನೆಟ್ಟಗೆ ಬರೆಯುವವನು
ಇನ್ನೊಬ್ಬನಿರಲಿಲ್ಲ.

ದೂರದ ವಾಷಿಂಗ್ಟನ್ನಿನಲ್ಲಿ ದೊಡ್ಡವರು
ನಕ್ಷೆಯ ಮೇಲೊಂದು ಗೀಟು ಎಳೆದು
ಮೂವತ್ತು ವರ್ಷ ಕಾದಿದ್ದರಂತೆ:
ಇದರ ಮೇಲೆ ಕೂಡದು, ಕೆಳಗೆ ಆಗಬಹುದು.
ಏನು ಕೂಡದು, ಏನು ಆಗಬಹುದು
ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ.
ದಕ್ಷಿಣದವರಿಗೆ ಅದು 'ನಮ್ಮ ಪದ್ಧತಿ',
ಉತ್ತರದವರಿಗೆ 'ಆ ಪ್ರಶ್ನೆ'.
ಹರಾಜುಕಟ್ಟೆಯ ಮೇಲೆ ನಿಂತವರಿಗೆ ಏನೋ,
ಅವರನ್ನು ಕೇಳಿದವರಿಲ್ಲ.
ಕೊನೆಗೆ ಗೀಟನ್ನೂ ಒರೆಸಿದರು:
ಅಲ್ಲಿಯ ಜನವೇ ತೀರ್ಮಾನ ಮಾಡಲಿ.
ಎಷ್ಟು ಚೆಂದದ ಮಾತು!
ಜನ ಅಂದರೆ ನಾವು ತಾನೇ,
ನಾನು ರಂಪ ಹಿಡಿದು ಹಲಗೆ ಕೊಯ್ದೆ.

ಮಾರ್ಚ್ ಕೊನೆಯ ಬೆಳಗು. ನದಿ ದಾಟಿ ಬಂದರು ಮಿಸೌರಿಯವರು,
ಗಾಡಿ ತುಂಬ ವಿಸ್ಕಿ ಪೀಪಾಯಿ, ಒಂದು ಪಿಟೀಲು,
ಗುರುತಿಗೆ ಕೋಟಿನ ಗುಂಡಿಯಲ್ಲಿ ಸೆಣಬಿನ ಎಳೆ.
ಇಲ್ಲಿ ವಾಸ ಎಷ್ಟು ದಿನದಿಂದ, ಕೇಳಿದೆ ಮೊದಲಿನವನನ್ನು.
'ತಿಂಡಿ ಹೊತ್ತಿನಿಂದ' ಅಂದ.
ಎಲ್ಲ ನಕ್ಕರು.
ನಾನೂ ನಕ್ಕೆ. ಇದನ್ನು ಹೇಳದೆ ಬಿಡಬಾರದು, ನಾನೂ ನಕ್ಕೆ.
ಎರಡನೆಯವನು ಪೆಟ್ಟಿಗೆಯ ಪಕ್ಕ ಪಿಸ್ತೂಲಿಟ್ಟ,
ಮೆತ್ತಗೆ, ಮಲಗುವ ಮುನ್ನ ಕನ್ನಡಕ ತೆಗೆದಿಡುವ ಹಾಗೆ.
ಮೂರನೆಯವನನ್ನು ನಾನೇನೂ ಕೇಳಲಿಲ್ಲ.

ಹೊರಗೆ ಮರದ ಕೆಳಗೆ ಒಬ್ಬ
ಒಂಬತ್ತು ಕುದುರೆಯ ಲಗಾಮು ಹಿಡಿದು ನಿಂತಿದ್ದ.
ಹೆಸರು ಐಸಮ್. ಕೊಟ್ಟ ನೀರನ್ನು
ಕುದುರೆಗೆ ಕುಡಿಸಿ ಉಳಿದದ್ದು ತಾನು ಕುಡಿದ.
'ಒಳಗೆ ಎಣಿಕೇನಾ?' ಕೇಳಿದ.
ಹೌದೆಂದೆ.
'ನನ್ನೂ ಎಣಿಸ್ತಾರೆ ಅಯ್ಯಾ,
ಧಣಿ ಊಟದಲ್ಲಿ ಹೇಳ್ತಿದ್ದ:
ಸಭೆಯ ಕುರ್ಚಿ ಲೆಕ್ಕಕ್ಕೆ
ನಮ್ಮಂಥವರು ಐದು ಜನ ಅಂದರೆ ಮೂರು.
ಆ ಮೂರರ ಮಾತನ್ನೂ ಅವರೇ ಆಡ್ತಾರೆ.'
ಹೇಳಿ ಒಂದು ಲಗಾಮು ಬಿಗಿ ಮಾಡಿದ.

ಸಂಜೆಗೆ ಪೆಟ್ಟಿಗೆ ಮುಚ್ಚಲಾಗಲಿಲ್ಲ.
ಸೌಟಿನ ಹಿಡಿಯಿಂದ ಒತ್ತಿದೆವು.
ಮೂವತ್ತೊಂದು ಗಂಡಸರ ಊರಲ್ಲಿ
ಆರುನೂರ ಹದಿನಾಲ್ಕು ಮತ.
ಬೇಲಿಯೇ ಹೊಲ ಮೇಯ್ದಿತು ಅನ್ನೋಣವೆಂದರೆ
ಬೇಲಿ ಹೆಣೆದವನು ನಾನು.
'ಸರಿಯಾಗಿದೆ' ಎಂದು ಬರೆದು ರುಜು ಹಾಕಿದೆ,
ನೆಟ್ಟಗಿನ ಅಕ್ಷರದಲ್ಲಿ.

ಆಮೇಲೆ ಎರಡು ಶಾಸನಸಭೆ, ಎರಡು ಕಾನೂನು.
ಚರ್ಚಿನ ಬೆಂಚು ಕೂಡ ಎರಡು ಪಕ್ಷ.
ಪೂರ್ವದಿಂದ ಬಂದ ಮರದ ಪೆಟ್ಟಿಗೆಗಳ ಮೇಲೆ
'ಪುಸ್ತಕ' ಎಂದು ಬರೆದಿತ್ತು;
ಎತ್ತಿದವನ ನಡು ಉಳುಕಿತು, ಒಳಗೆ ಕೋವಿ.
ಅಸಹೆಲ್ ಬ್ರಾಂಟನ ಕೊಟ್ಟಿಗೆ ಉರಿದ ರಾತ್ರಿ
ನೀರು ಹೊತ್ತವರಲ್ಲಿ ಕೆಲವರ ಕೈ
ಸೀಮೆಣ್ಣೆ ನಾರುತ್ತಿತ್ತು. ಯಾರೂ ಮೂಸಿ ನೋಡಲಿಲ್ಲ.
ವಾಷಿಂಗ್ಟನ್ನಿನಲ್ಲಿ ಇನ್ನೂ ಭಾಷಣ.

ಮೊಮ್ಮಗನ ಶಾಲೆಯ ಪುಸ್ತಕದಲ್ಲಿ
ಯುದ್ಧ ಶುರುವಾದ ತಾರೀಖಿದೆ:
ಏಪ್ರಿಲ್, ಸಮುದ್ರದ ಕೋಟೆ, ಫಿರಂಗಿ.
ಬಾಯಿಪಾಠ ಒಪ್ಪಿಸಿದ. ಸರಿ ಎಂದೆ.
ನನ್ನ ಮಗ, ಅವನ ಅಪ್ಪ, ಎಲ್ಲಿ ಬಿದ್ದನೆಂದು
ಆ ಪುಸ್ತಕಕ್ಕೆ ಗೊತ್ತಿಲ್ಲ.
ಐಸಮ್ ಏನಾದನೋ ನನಗೂ ಗೊತ್ತಿಲ್ಲ.

ಪೆಟ್ಟಿಗೆಯಲ್ಲಿ ಈಗ ಬೀಜವಿದೆ.
ಹ್ಯಾನಾ ಸೀಳಿಗೆ ಮೇಣ ಮೆತ್ತಿದ್ದಳು, ಉದುರಿದೆ.
ಹುಡುಗ ಅದರಲ್ಲಿ ಬೆರಳು ತೂರಿಸಿ ಕೇಳಿದ:
ತಾತ, ಬೀಜದ ಪೆಟ್ಟಿಗೆಗೆ ಬಾಯಿ ಯಾಕೆ?
ಉಸಿರಾಡಲಿ ಅಂತ, ಎಂದೆ.